ನಮ್ಮ ಗೋವಾದ ಕೋಸಂಬಿಯವರು: ಒಂದು ನೆನಪು



ಜುಲೈ 31 ದಾಮೋದರ ಧರ್ಮಾನಂದ ಕೋಸಂಬಿಯವರ ಜನ್ಮದಿನ. ಗೋವಾದಲ್ಲಿ ಅನ್ನ ಕಂಡುಕೊಂಡ ನಾವು ಈ ಮಣ್ಣಿನ ಮಗನನ್ನು ನೆನೆಯುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

1907ರಲ್ಲಿ ಗೋವಾದಲ್ಲಿ ಜನಿಸಿದ ಇವರ ತಂದೆ ಧರ್ಮಾನಂದರು ಹೆಸರಾಂತ ಬೌದ್ಧ ವಿದ್ವಾಂಸರು. ಬಾಲ್ಯದಲ್ಲೇ ತಂದೆಯೊಡನೆ ಅಮೆರಿಕಕ್ಕೆ ಹೋದ ಕೋಸಂಬಿಯವರು 1929ರಲ್ಲಿ ಹಾರ್ವರ್ಡ್ ಪದವಿ ಪಡೆದು ಸ್ವದೇಶಕ್ಕೆ ಮರಳಿದರು. ಬನಾರಸ್, ಅಲಿಗಢ, ಪುಣೆಯ ಫರ್ಗ್ಯುಸನ್ ಕಾಲೇಜುಗಳಲ್ಲಿ ಗಣಿತ ಕಲಿಸಿದರು. ಮುಂದೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿ, ಪುಣೆಯಿಂದ ಡೆಕ್ಕನ್ ಕ್ವೀನ್ ರೈಲಿನಲ್ಲಿ ಓಡಾಡುತ್ತಿದ್ದರು. 1962ರಲ್ಲಿ ಅಲ್ಲಿನ ಕೆಲಸ ಮುಂದುವರಿಯಲಿಲ್ಲ. ಅವರ ಬರವಣಿಗೆ ಮಾತ್ರ ನಿಲ್ಲಲಿಲ್ಲ.

ಗಣಿತದ ಮೇಷ್ಟ್ರು ಇತಿಹಾಸಕ್ಕೆ ಬಂದದ್ದು ನಾಣ್ಯಗಳ ದಾರಿಯಿಂದ. ಕೈಯಿಂದ ಕೈಗೆ ಹೋದಷ್ಟೂ ನಾಣ್ಯ ಸವೆಯುತ್ತದೆ, ತೂಕ ಇಳಿಯುತ್ತದೆ. ಸಾವಿರಾರು ನಾಣ್ಯಗಳನ್ನು ತೂಗಿ, ಯಾವುದು ಹಳೆಯದು, ಯಾವುದು ಹೊಸದು ಎಂದು ಲೆಕ್ಕ ಹಾಕಿದರು. ಜೀವಮಾನವೆಲ್ಲ ಲೆಡ್ಜರ್ ಬರೆದ ನಮ್ಮಂಥವರಿಗೆ ಇದು ಬಹಳ ಹಿಡಿಸುತ್ತದೆ.

1947ರಲ್ಲಿ ಅವರು ಗೋವಾದ ಗಾಂವಕಾರಿ ಪದ್ಧತಿಯ ಬಗ್ಗೆ ಪ್ರಬಂಧ ಬರೆದರು. ಪೋರ್ಚುಗೀಸರು ಕೊಮುನಿದಾದ್ ಎಂದು ಕರೆದದ್ದು ಇದನ್ನೇ. ಊರಿನ ಜಮೀನು ಮೂಲ ಗಾಂವಕಾರ ಮನೆತನಗಳ ಒಟ್ಟು ಸ್ವತ್ತು. ಗದ್ದೆಗಳನ್ನು ಹರಾಜಿನಲ್ಲಿ ಗೇಣಿಗೆ ಕೊಟ್ಟು, ಸರ್ಕಾರದ ಕಂದಾಯ ಕಟ್ಟಿ, ಊರಿನ ಖರ್ಚು ಕಳೆದು ಉಳಿದದ್ದನ್ನು ಗಾಂವಕಾರರು ಹಂಚಿಕೊಳ್ಳುತ್ತಿದ್ದರು. 1526ರಲ್ಲಿಯೇ ಪೋರ್ಚುಗೀಸರು ಈ ಕಟ್ಟಳೆಗಳನ್ನು ಬರೆಸಿಟ್ಟರು. ಕಂದಾಯ ತಪ್ಪದೆ ಬರಬೇಕಲ್ಲ! ಪರಶುರಾಮನ ಪುರಾಣಕಥೆಯಷ್ಟಕ್ಕೇ ನಿಲ್ಲದೆ, ಕಾಡು ಕಡಿದು ನೆಲ ಹದಮಾಡಿದ ದುಡಿಮೆಯನ್ನು ಕೋಸಂಬಿಯವರು ಇಲ್ಲಿ ಕಂಡರು. ಮುಂದೆ ಈ ಪ್ರಬಂಧ 1962ರ ಅವರ ಪುಸ್ತಕದಲ್ಲೂ ಸೇರಿತು. ರಾಜರ ಪಟ್ಟಿಗಿಂತ ಜನ ಹೇಗೆ ಉಳುತ್ತಿದ್ದರು, ಏನು ಉಣ್ಣುತ್ತಿದ್ದರು ಎಂಬುದೇ ಅವರಿಗೆ ಇತಿಹಾಸವಾಗಿತ್ತು. 1956ರಲ್ಲಿ ಬಂದ ಅವರ ಭಾರತ ಇತಿಹಾಸದ ಗ್ರಂಥ ಆ ದಾರಿಯನ್ನೇ ತೋರಿತು.

ನಮ್ಮಲ್ಲಿ ಅನೇಕರು ಕೊಮುನಿದಾದ್ ಎಂಬ ಮಾತು ಕೇಳಿದ್ದು ಮನೆಯ ಕಾಗದಪತ್ರದ ಚಿಂತೆ ಹತ್ತಿದಾಗಲೇ. ಬಿಜಾಪುರ, ಗದಗ, ಕೊಪ್ಪಳಗಳಿಂದ ಬಂದು ಇಲ್ಲಿ ಕಲ್ಲು ಹೊತ್ತವರಿಗೆ ಕಾಲ ಕೆಳಗಿನ ನೆಲ ಯಾರದೆಂಬುದು ಬರಿ ಪುಸ್ತಕದ ಪ್ರಶ್ನೆಯಲ್ಲ. ಆ ನೆಲಕ್ಕೂ ಒಂದು ಹಳೆಯ ಲೆಕ್ಕವಿದೆ, ಇಲ್ಲಿನವರಿಗೂ ಅದರಲ್ಲಿ ಒಂದು ನೋವಿದೆ. ಅದನ್ನು ಅರಿತರೆ ನೆರೆಹೊರೆಯವರೊಡನೆ ಮಾತಾಡುವುದು ಸುಲಭವಾದೀತು.

1966ರ ಜೂನ್ 29ರಂದು ಪುಣೆಯಲ್ಲಿ ಕೋಸಂಬಿಯವರು ತೀರಿಕೊಂಡರು. ಆಗ ಅವರಿಗೆ 58 ವರ್ಷ. 2008ರಲ್ಲಿ ಅಂಚೆ ಇಲಾಖೆ ಅವರ ಚೀಟಿ ಹೊರತಂದಿತು.

ಈ ತಿಂಗಳ ಸಭೆಯಲ್ಲಿ ಅವರ ಬಗ್ಗೆ ಅರ್ಧ ಗಂಟೆ ಮಾತುಕತೆ ಇಟ್ಟುಕೊಂಡಿದ್ದೇವೆ. ಮಕ್ಕಳನ್ನೂ ಕರೆತನ್ನಿ. ಮನೆಯಲ್ಲಿ ಸವೆದ ಹಳೆಯ ನಾಣ್ಯವಿದ್ದರೆ ಅದನ್ನೂ ತನ್ನಿ, ತಕ್ಕಡಿ ನಾವು ತರುತ್ತೇವೆ.

ಇಂತಿ,
ಕಾರ್ಯದರ್ಶಿ