ಟೀಪು ಸುಲ್ತಾನನೂ ಕನ್ನಡ ನಾಡಿನ ಅಗ್ನಿಬಾಣವೂ

ಶಸ್ತ್ರವಿದ್ಯೆಯೆಂಬುದು ಶಸ್ತ್ರವನ್ನು ಪ್ರಯೋಗಿಸುವ ವಿದ್ಯೆಯಷ್ಟೇ ಅಲ್ಲ, ಅದನ್ನು ನಿರ್ಮಿಸುವ ವಿದ್ಯೆಯೂ ಹೌದು. ಈ ಮರ್ಮವನ್ನರಿತ ಅರಸರಲ್ಲಿ ಮೈಸೂರಿನ ಟೀಪು ಸುಲ್ತಾನನು ಪ್ರಮುಖನು.

ಈತನು 1750ರಲ್ಲಿ ದೇವನಹಳ್ಳಿಯಲ್ಲಿ ಜನಿಸಿದನು. ತಂದೆ ಹೈದರಾಲಿಯು ಸೈನ್ಯದಲ್ಲಿ ಮೇಲೇರಿ ರಾಜ್ಯಸೂತ್ರವನ್ನೇ ಕೈಗೆ ತೆಗೆದುಕೊಂಡವನು. 1763ರಲ್ಲಿ ಹೈದರನು ಕೆಳದಿಯ ವೀರಶೈವ ಅರಸರ ರಾಜಧಾನಿಯಾದ ಬಿದನೂರನ್ನು ಗೆದ್ದು ಅದಕ್ಕೆ ಹೈದರ್‌ನಗರವೆಂದು ಹೆಸರಿಟ್ಟನು. ಜನರ ಬಾಯಲ್ಲಿ ಅದು ನಗರವೆಂದೇ ಉಳಿಯಿತು. ಮಲೆನಾಡಿನ ಹಿರಿಯ ರಾಜಮನೆತನವೊಂದರ ಆಳ್ವಿಕೆ ಅಳಿದ ಆ ಎಡೆಯಲ್ಲಿಯೇ ಮುಂದೆ ಆಯುಧಗಳ ಕಾರ್ಖಾನೆಯು ತಲೆಯೆತ್ತಿತು.

ಹೈದರನ ಕಾಲದಲ್ಲಿಯೇ ಮೈಸೂರಿನ ಸೈನ್ಯದಲ್ಲಿ ಅಗ್ನಿಬಾಣದ ದಳವಿತ್ತು. ಕಬ್ಬಿಣದ ಕೊಳವೆಯ ಒಂದು ತುದಿಯನ್ನು ಮುಚ್ಚಿ, ಒಳಗೆ ಮದ್ದನ್ನು ಗಟ್ಟಿಯಾಗಿ ತುಂಬಿ, ಉದ್ದನೆಯ ಬಿದಿರ ಗಳುವಿಗೆ ಬಿಗಿಯುತ್ತಿದ್ದರು. ಯೂರೋಪಿನ ಅಂದಿನ ಬಾಣಗಳ ಹೊದಿಕೆಯು ಕಾಗದದ್ದು. ಕಬ್ಬಿಣವಾದರೋ ಒಳಗಿನ ಒತ್ತಡವನ್ನು ಹೆಚ್ಚು ತಾಳಬಲ್ಲದು. ಆದುದರಿಂದಲೇ ಮೈಸೂರಿನ ಬಾಣವು ದೂರಗಾಮಿಯಾಯಿತು. 1780ರಲ್ಲಿ ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಇಂಗ್ಲಿಷ್ ಸೈನ್ಯವು ತಂದೆ ಮಕ್ಕಳ ಕೈಯಲ್ಲಿ ನುಚ್ಚುನೂರಾಯಿತು.

1782ರಲ್ಲಿ ತಂದೆಯ ಮರಣಾನಂತರ ಪಟ್ಟಕ್ಕೆ ಬಂದ ಟೀಪುವು ಆಯುಧ ನಿರ್ಮಾಣವನ್ನು ವಿಸ್ತರಿಸಿದನು. ಶ್ರೀರಂಗಪಟ್ಟಣ, ನಗರ ಮೊದಲಾದೆಡೆ ಕೋವಿ, ಫಿರಂಗಿಗಳು ಸಿದ್ಧವಾದವು. ನಾಡಿನ ಕಮ್ಮಾರರೊಡನೆ ಫ್ರೆಂಚ್ ಕುಶಲಿಗಳೂ ದುಡಿದರು. ಆ ಆಯುಧಗಳ ಮೇಲೆ ಹುಲಿಪಟ್ಟೆಯ ಅಲಂಕಾರವಿರುತ್ತಿತ್ತು. ಆದರೆ 1792ರ ಒಪ್ಪಂದದಲ್ಲಿ ಅರ್ಧ ರಾಜ್ಯವು ಕೈತಪ್ಪಿತು. ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯಲ್ಲಿ ಟೀಪುವು ಹೋರಾಡುತ್ತಲೇ ಮಡಿದನು. ಆತನ ಆಳ್ವಿಕೆಯ ಗುಣದೋಷಗಳ ವಿಷಯದಲ್ಲಿ ಚರಿತ್ರಕಾರರಿಗೆ ಭಿನ್ನಾಭಿಪ್ರಾಯವುಂಟು. ಆಯುಧ ನಿರ್ಮಾಣದಲ್ಲಿ ಆತನಿಗಿದ್ದ ಆಸ್ಥೆಯ ವಿಷಯದಲ್ಲಿ ಇಲ್ಲ.

ಗೆದ್ದವರು ಇಲ್ಲಿಯ ಬಾಣಗಳನ್ನು ಲಂಡನ್ನಿನ ಬಳಿಯ ವುಲಿಚ್ ಶಸ್ತ್ರಾಗಾರಕ್ಕೆ ಒಯ್ದರು. ಅವುಗಳಿಂದ ಪ್ರೇರಿತನಾದ ವಿಲಿಯಂ ಕಾಂಗ್ರೀವನು ಪ್ರಯೋಗಗಳನ್ನು ನಡೆಸಿ ತನ್ನ ಬಾಣಗಳನ್ನು ರೂಪಿಸಿದನು. ಅವು 1807ರಲ್ಲಿ ಕೋಪನ್‌ಹೇಗನ್ ಮೇಲೆಯೂ 1814ರಲ್ಲಿ ಅಮೆರಿಕದ ಬಾಲ್ಟಿಮೋರ್ ಕೋಟೆಯ ಮೇಲೆಯೂ ಎರಗಿದವು. ಕಾಂಗ್ರೀವನು ತನ್ನ ವಿದ್ಯೆಯನ್ನು ಸಚಿತ್ರ ಗ್ರಂಥವಾಗಿಯೂ ಪ್ರಕಟಿಸಿದನು.

ಇತ್ತ 2018ರಲ್ಲಿ ನಗರದ ಹಾಳುಬಾವಿಯೊಂದರಲ್ಲಿ ಸಾವಿರಕ್ಕೂ ಮಿಕ್ಕಿದ ಅಗ್ನಿಬಾಣಗಳು ತುಕ್ಕು ಹಿಡಿದ ಸ್ಥಿತಿಯಲ್ಲಿ ದೊರೆತವು. ಅವನ್ನು ಬಡಿದ ಕಮ್ಮಾರರ ಹೆಸರು ಲೋಕಪ್ರಸಿದ್ಧವಾಗಲಿಲ್ಲ. ಕುಲುಮೆಯಲ್ಲಿ ಹುಟ್ಟಿದ ವಿದ್ಯೆಯು ಅಕ್ಷರಕ್ಕೆ ಇಳಿದು, ಶಿಷ್ಯಪರಂಪರೆಯಲ್ಲಿ ಬೆಳೆದರೆ ಮಾತ್ರ ನಾಡಿನಲ್ಲಿ ನಿಲ್ಲುವುದು. ಇಲ್ಲವಾದರೆ ಅರಸನೊಡನೆಯೇ ಅಸ್ತಮಿಸುವುದು. ವಿದ್ಯಾಲಯಗಳನ್ನು ಕಟ್ಟಿ ಬೆಳೆಸುವವರಿಗೆಲ್ಲ ಟೀಪುವಿನ ಚರಿತ್ರೆಯು ನೀಡುವ ಎಚ್ಚರಿಕೆಯಿದು.