ಮ್ಯಾಕರೋನಿ ಪೆಟ್ಟಿಗೆಯಲ್ಲಿ ಹುಟ್ಟಿದ ಲೆಕ್ಕದ ಯಂತ್ರ

ಮಕ್ಕಳೇ, ಬಂಟ್ವಾಳದ ಅಂಗಡಿಯಲ್ಲೋ, ಬೆಳ್ತಂಗಡಿಯ ಸಹಕಾರಿ ಸಂಘದಲ್ಲೋ, ಮೂಡುಬಿದಿರೆಯ ಬ್ಯಾಂಕಿನಲ್ಲೋ ಕಂಪ್ಯೂಟರಿನ ಕೀಲಿಮಣೆಯನ್ನು ನೀವು ನೋಡಿರಬಹುದು. ಅದರ ಬಲಬದಿಯಲ್ಲಿ ಅಂಕಿಗಳದೇ ಒಂದು ಗುಂಪು ಇರುತ್ತದೆ. ಗುಮಾಸ್ತರು ಅದನ್ನು ಪಟಪಟನೆ ಒತ್ತಿ ಲೆಕ್ಕ ಮುಗಿಸುತ್ತಾರೆ. ಹೀಗೆ ಅಂಕಿ ಒತ್ತಿ ಕೂಡುವ ಯಂತ್ರವನ್ನು ಬಳಕೆಗೆ ತಂದವರಲ್ಲಿ ಡಾರ್ ಫೆಲ್ಟ್ ಪ್ರಮುಖರು.

ಫೆಲ್ಟ್ 1862ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಹುಟ್ಟಿದರು. ಹದಿಹರೆಯದಲ್ಲೇ ಯಂತ್ರಗಳ ಕಾರ್ಯಾಗಾರ ಸೇರಿದರು. ಮುಂದೆ ಷಿಕಾಗೊ ನಗರಕ್ಕೆ ಬಂದರು. ಅಲ್ಲಿ ಹೆರೆಯುವ ಯಂತ್ರವೊಂದರ ಹಲ್ಲುಚಕ್ರ ಪ್ರತಿ ಬಾರಿಯೂ ಬೇಕಾದಷ್ಟೇ ಹಲ್ಲು ಸರಿಯುವುದನ್ನು ಗಮನಿಸಿದರು. ಇದೇ ರೀತಿ ಚಕ್ರ ತಿರುಗಿಸಿ ಲೆಕ್ಕ ಮಾಡಬಹುದಲ್ಲವೇ ಎಂಬ ಯೋಚನೆ ಅವರಿಗೆ ಹೊಳೆಯಿತು.

ಆದರೆ ಕೈಯಲ್ಲಿ ಹಣವಿರಲಿಲ್ಲ. ಅದಕ್ಕೆ ಅವರು ಸುಮ್ಮನೆ ಕೂರಲಿಲ್ಲ. 1884ರ ನವೆಂಬರ್ ತಿಂಗಳ ಹಬ್ಬದ ರಜೆಯಲ್ಲಿ ಕೆಲಸ ಆರಂಭಿಸಿದರು. ದಿನಸಿ ಅಂಗಡಿಯಿಂದ ಮ್ಯಾಕರೋನಿಯ ಮರದ ಪೆಟ್ಟಿಗೆ ತಂದರು. ಮ್ಯಾಕರೋನಿ ಎಂದರೆ ಒಳಗೆ ಟೊಳ್ಳಾದ ಒಂದು ಬಗೆಯ ಶಾವಿಗೆ. ಮಾಂಸಕ್ಕೆ ಚುಚ್ಚುವ ಕಡ್ಡಿಗಳೇ ಕೀಲಿಗಳಾದವು. ಸ್ಪ್ರಿಂಗ್ ಬದಲಿಗೆ ರಬ್ಬರ್ ಬ್ಯಾಂಡ್ ಬಂತು. ಮುಖ್ಯ ಉಪಕರಣ ಜೇಬಿನ ಚಾಕು!

ಯಂತ್ರ ಹೇಗೆ ಕೂಡುತ್ತದೆ? 8 ಒತ್ತಿದರೆ ಬಿಡಿ ಸ್ಥಾನದ ಚಕ್ರ 8 ಹೆಜ್ಜೆ ತಿರುಗುತ್ತದೆ. ಮತ್ತೆ 5 ಒತ್ತಿದರೆ ಅದು 9ನ್ನು ದಾಟಿ 3ಕ್ಕೆ ಬರುತ್ತದೆ. ಆಗ ಹತ್ತರ ಸ್ಥಾನದ ಚಕ್ರ ಒಂದು ಹೆಜ್ಜೆ ಸರಿಯಬೇಕು. ಉತ್ತರ 13! ನೀವು ಕೂಡುವಾಗ ಕೈಯಲ್ಲಿ ಒಂದು ಇಟ್ಟುಕೊಳ್ಳುತ್ತೀರಲ್ಲ, ಆ ಕೆಲಸವನ್ನು ಯಂತ್ರ ತಾನೇ ಮಾಡಬೇಕು.

ಮರದ ಮಾದರಿ ಒರಟಾಗಿತ್ತು. ಆದರೆ ಯೋಚನೆ ಸರಿಯೆಂದು ಅದು ತೋರಿಸಿಕೊಟ್ಟಿತು. ಫೆಲ್ಟ್ 1886ರಲ್ಲಿ ಲೋಹದ ಯಂತ್ರ ಸಿದ್ಧಪಡಿಸಿದರು. 1887ರಲ್ಲಿ ಪೇಟೆಂಟ್ ದೊರೆಯಿತು. ರಾಬರ್ಟ್ ಟ್ಯಾರಂಟ್ ಜೊತೆ ಸೇರಿ ಅದನ್ನು ತಯಾರಿಸತೊಡಗಿದರು. ಅದರ ಹೆಸರು ಕಾಂಪ್ಟೋಮೀಟರ್. ಎಲೆಕ್ಟ್ರಾನಿಕ್ ಕ್ಯಾಲ್ಕುಲೇಟರ್ ಬರುವವರೆಗೂ ಕಚೇರಿಗಳಲ್ಲಿ ಅದು ದುಡಿಯಿತು. ಫೆಲ್ಟ್ 1930ರಲ್ಲಿ ತೀರಿಕೊಂಡರು. ಅವರ ಮರದ ಪೆಟ್ಟಿಗೆ ಅಮೆರಿಕದ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ.

ಇಂದು ಆಸಕ್ತರು ಕೆಲವು ಸ್ವಿಚ್ಚುಗಳು ಮತ್ತು ಒಂದು ಪುಟ್ಟ ಚಿಪ್ ಕೊಂಡು, ಕಡಿಮೆ ಖರ್ಚಿನಲ್ಲಿ ಅಂಕಿಗಳ ಕೀಲಿಮಣೆಯನ್ನು ಮನೆಯಲ್ಲೇ ಮಾಡಿಕೊಳ್ಳುತ್ತಾರೆ. ಕೀಲಿ ಒತ್ತಿದಾಗ ವಿದ್ಯುತ್ ಮಂಡಲ ಪೂರ್ಣವಾಗುತ್ತದೆ. ಯಾವ ಕೀಲಿಯೆಂದು ಚಿಪ್ ಗುರುತಿಸುತ್ತದೆ. ಬೆರಳು ತೆಗೆದರೆ ಕೀಲಿಯನ್ನು ಮೇಲೆತ್ತುವುದು ಸ್ಪ್ರಿಂಗ್. ಫೆಲ್ಟ್ ಅವರ ಪೆಟ್ಟಿಗೆಯಲ್ಲಿ ಆ ಕೆಲಸ ರಬ್ಬರ್ ಬ್ಯಾಂಡಿನದು.

ಮಾಡಿ ನೋಡಿ: ಖಾಲಿ ರಟ್ಟಿನ ಪೆಟ್ಟಿಗೆ, ತೆಂಗಿನ ಗರಿಯ ಕಡ್ಡಿ, ರಬ್ಬರ್ ಬ್ಯಾಂಡ್ ತೆಗೆದುಕೊಳ್ಳಿ. ಒತ್ತಿದರೆ ಕೆಳಗಿಳಿದು, ಬಿಟ್ಟರೆ ಮೇಲೇರುವ ಒಂದು ಕೀಲಿಯನ್ನು ಮಾಡಿ. ನಿಮ್ಮ ಶಿಕ್ಷಕರಿಗೆ ತೋರಿಸಿ.