ಕೋವಿ ಇಟ್ಟು ಕ್ಯಾಮೆರಾ ಹಿಡಿದ ತೇಜಸ್ವಿ: ಹಕ್ಕಿ ಫೋಟೋದಾಗ ಏನು ಉಳಿಸಬೇಕು, ಏನು ಬಿಡಬೇಕು?

ಇಬ್ರಾಹಿಂಪುರ: ಬೇಗಂ ತಲಾಬದ ದಂಡಿಯಲ್ಲಿ ಬೆಳ್ಳಕ್ಕಿ ಕಂಡರೆ ಸಾಕು, ನಮ್ಮ ಹುಡುಗರು ಮೊಬೈಲ್ ತೆಗೀತಾರ. ಆಮೇಲೆ ಸುತ್ತಲಿನ ನೀರು, ಹುಲ್ಲು ಎಲ್ಲಾ ಕ್ರಾಪ್ ಮಾಡಿ, ಹಕ್ಕಿ ಒಂದನ್ನೇ ಉಳಿಸಿ ಸ್ಟೇಟಸ್‌ಗೆ ಹಾಕ್ತಾರ. ಫೋಟೋದಾಗ ಏನಿರಬೇಕು, ಏನು ಬಿಡಬೇಕು ಅನ್ನೋ ಪ್ರಶ್ನೆಗೆ ವರ್ಷಗಟ್ಟಲೆ ತಲೆ ಕೊಟ್ಟ ದೊಡ್ಡ ಮನುಷ್ಯನೊಬ್ಬ ನಮ್ಮ ಕನ್ನಡದಲ್ಲೇ ಇದ್ದರು. ಅವರು ಕೆ.ಪಿ. ಪೂರ್ಣಚಂದ್ರ ತೇಜಸ್ವಿ.

‘ಕರ್ವಾಲೋ’, ‘ಚಿದಂಬರ ರಹಸ್ಯ’ ಓದಿದವರಿಗೆ ತೇಜಸ್ವಿ ಕಾದಂಬರಿಕಾರರಾಗಿ ಗೊತ್ತು. ಹುಟ್ಟಿದ್ದು 1938ರ ಸೆಪ್ಟೆಂಬರ್ 8ರಂದು, ಶಿವಮೊಗ್ಗ ಜಿಲ್ಲೆಯಲ್ಲಿ. ತಂದೆ ಕುವೆಂಪು. ಮೈಸೂರಿನಲ್ಲಿ ಎಂ.ಎ. ಓದಿದ ಮಗ ನೌಕರಿಗೆ ಹೋಗಲಿಲ್ಲ. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಗೆ ಹೋಗಿ ಕಾಫಿ ತೋಟ ಮಾಡಿದರು. ಮೊದಲಿಗೆ ಕೋವಿ ಹಿಡಿದು ಶಿಕಾರಿ ಮಾಡಿದವರು, ಗಾಳ ಹಾಕಿ ಮೀನು ಹಿಡಿದವರು. ಬರಬರುತ್ತ ಕೋವಿಯ ಜಾಗಕ್ಕೆ ಕ್ಯಾಮೆರಾ ಬಂತು.

ಅದು ರೀಲಿನ ಕಾಲ. ಒಂದು ರೋಲಿಗೆ 36 ಫೋಟೋ. ರೀಲು ತೊಳೆಯುವ ತನಕ ಹಕ್ಕಿ ಸಿಕ್ಕಿದೆಯೋ, ಬರೀ ಕೊಂಬೆ ಸಿಕ್ಕಿದೆಯೋ ತಿಳಿಯುತ್ತಿರಲಿಲ್ಲ. ಒಂದೊಂದು ಕ್ಲಿಕ್ಕಿಗೂ ರೊಕ್ಕ. ಹಂಗಾಗಿ ಮರೆಯಲ್ಲಿ ಕುಳಿತು, ಹಕ್ಕಿ ಎಲ್ಲಿ ಕೂರುತ್ತೆ, ಬೆಳಕು ಯಾವ ಕಡೆಯಿಂದ ಬರುತ್ತೆ ಅಂತ ನೋಡ್ತಾ ಕಾಯಬೇಕಿತ್ತು. ಚೌಕಟ್ಟಿನ ಲೆಕ್ಕ ಬಟನ್ ಒತ್ತುವ ಮೊದಲೇ ಮುಗಿದಿರಬೇಕಿತ್ತು.

ತೇಜಸ್ವಿ ಹಕ್ಕಿಗಳನ್ನು ಎರಡು ರೀತಿ ತೋರಿಸಿದರು. ‘ಹಕ್ಕಿಪುಕ್ಕ’, ‘ಮಿಂಚುಳ್ಳಿ’ ಪುಸ್ತಕಗಳು ಓದುಗರಿಗೆ ಹಕ್ಕಿಯ ಪರಿಚಯ ಮಾಡಿಸುವಂಥವು. ಇಂಥ ಕೆಲಸಕ್ಕೆ ಕೊಕ್ಕು, ಕಾಲು, ಬಾಲ ಎಲ್ಲಾ ಕಾಣಬೇಕು. ಬಾಲ ಕತ್ತರಿಸಿದ ಫೋಟೋದಿಂದ ಹಕ್ಕಿ ಗುರುತು ಹಿಡಿಯೋದು ಕಷ್ಟ. ‘ಮಾಯೆಯ ಮುಖಗಳು’ ಅವರ ಚಿತ್ರಗಳ ಸಂಕಲನ. ಅಲ್ಲಿ ಹೆಸರಿಗಿಂತ ನೋಟ ಮುಖ್ಯ. ಅಂದರೆ ಕ್ರಾಪ್ ಹೆಂಗಿರಬೇಕು ಅನ್ನೋದಕ್ಕೆ ಒಂದೇ ಉತ್ತರ ಇಲ್ಲ. ಫೋಟೋ ಯಾತಕ್ಕೆ ಅನ್ನೋದನ್ನು ಮೊದಲು ತೀರ್ಮಾನ ಮಾಡಬೇಕು.

ಮೊಬೈಲಿನವರಿಗೂ ಇದೇ ಲೆಕ್ಕ. 12 ಮೆಗಾಪಿಕ್ಸೆಲ್ ಫೋಟೋದ ಉದ್ದ, ಅಗಲ ಅರ್ಧರ್ಧ ಕತ್ತರಿಸಿದರೆ ಉಳಿಯೋದು ಬರೀ 3 ಮೆಗಾಪಿಕ್ಸೆಲ್. ದೊಡ್ಡ ಪ್ರಿಂಟ್ ಹಾಕಿಸಿದರೆ ಹಕ್ಕಿ ಮಸುಕಾಗುತ್ತೆ. ಹಕ್ಕಿ ನೋಡುತ್ತಿರುವ ಕಡೆ ಒಂದಿಷ್ಟು ಜಾಗ ಬಿಡಿ. ಇಲ್ಲಾಂದ್ರೆ ಗ್ವಾಡಿಗೆ ಮುಖ ಕೊಟ್ಟು ನಿಂತಂಗೆ ಕಾಣುತ್ತೆ. ನೀರು, ಹುಲ್ಲು ಸ್ವಲ್ಪ ಉಳಿದರೆ ಅದು ಎಲ್ಲಿ ಬದುಕುತ್ತೆ ಅನ್ನೋದೂ ಗೊತ್ತಾಗುತ್ತೆ. ಮೂಲ ಫೋಟೋ ಮಾತ್ರ ಅಳಿಸಬೇಡಿ.

ಇನ್ನೊಂದು ಮಾತು. ಗೂಡಿನ ಫೋಟೋಗೆ ಅಡ್ಡ ಬರುತ್ತೆ ಅಂತ ಕೆಲವರು ಟೊಂಗೆ ಮುರೀತಾರ. ಮರೆ ಹೋದರೆ ಮರಿಗಳಿಗೆ ನಮ್ಮ ಬಿಸಿಲು ಬಡಿಯುತ್ತೆ, ಕಾಗೆ, ಹದ್ದಿನ ಕಣ್ಣಿಗೂ ಬೀಳ್ತಾವ. ಕತ್ತರಿಸೋದು ಏನಿದ್ದರೂ ಮೊಬೈಲಿನಾಗ ಇರಲಿ, ಗಿಡದ ಮ್ಯಾಲ ಬ್ಯಾಡ.

ತೇಜಸ್ವಿ ಕೊನೆಯ ವರ್ಷಗಳಲ್ಲಿ ಕಂಪ್ಯೂಟರನ್ನೂ ಕಲಿತರು. 2007ರ ಏಪ್ರಿಲ್ 5ರಂದು ಮೂಡಿಗೆರೆಯ ತಮ್ಮ ಮನೆ ‘ನಿರುತ್ತರ’ದಲ್ಲಿ ತೀರಿಕೊಂಡರು. ಎಲ್ಲರ ಕಿಸೆಗೂ ಕ್ಯಾಮೆರಾ ಬಂದ ಈ ಕಾಲವನ್ನು ಅವರು ನೋಡಲಿಲ್ಲ. ಮಕ್ಕಳಿಗೆ ಹಕ್ಕಿ ಫೋಟೋ ಹುಚ್ಚು ಹಿಡಿದಿದ್ದರೆ, ಹೊಸ ಮೊಬೈಲ್ ಕೊಡಿಸುವ ಮುಂಚೆ ಒಂದು ‘ಹಕ್ಕಿಪುಕ್ಕ’ ಕೊಡಿಸಿ.